ಕಾಯಬೇಡಿ, ಅರ್ಜಿ ಹಾಕಿ

ಇಂಗ್ಲೆಂಡಿನಲ್ಲಿ ವಿಶೇಷ ಅಗತ್ಯದ ಮಕ್ಕಳ ನಿಯಮ ಬದಲಾಗುತ್ತದಂತೆ, ಈಗ ಅರ್ಜಿ ಹಾಕಿ ಏನು ಪ್ರಯೋಜನ ಎಂದು ಕೇಳಿದ್ದೀರಿ. ಇಂದೇ ಹಾಕಿ, ತಾಯಿ. ಸಂಸತ್ತು ಬದಲಿಸುವವರೆಗೆ 2014ರ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆಯೇ ನಡೆಯುತ್ತದೆ. ಶಾಲೆ ಒಪ್ಪದಿದ್ದರೂ ನೀವೇ ಕೌನ್ಸಿಲ್‌ಗೆ ಬರೆದು ಇಎಚ್‌ಸಿ (ಶಿಕ್ಷಣ, ಆರೋಗ್ಯ, ಆರೈಕೆ) ಮೌಲ್ಯಮಾಪನ ಕೇಳಬಹುದು. ಮಾಡುತ್ತಾರೋ ಇಲ್ಲವೋ ಎಂದು ಅವರು 6 ವಾರದೊಳಗೆ ತಿಳಿಸಬೇಕು; ಇಲ್ಲವೆಂದರೆ ಟ್ರಿಬ್ಯುನಲ್‌ಗೆ ಮೇಲ್ಮನವಿ ಹಾಕಬಹುದು. ವೈದ್ಯರ ವರದಿಗೆ ಕಾಯಬೇಕಿಲ್ಲ.

ಊಟದ ಹಾಲ್‌ನ ಗದ್ದಲಕ್ಕೆ ಮಗ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂರುತ್ತಾನೆ ಎಂದಿರಿ. ಅರ್ಜಿಗೆ ಅದನ್ನೇ ದಿನಾಂಕ ಹಾಕಿ ಬರೆದಿಡಿ: ಎಷ್ಟು ಹೊತ್ತು ಕೂತ, ಯಾರು ಸಮಾಧಾನ ಮಾಡಿದರು, ಡಬ್ಬಿಯಲ್ಲಿ ಎಷ್ಟು ಅನ್ನ ವಾಪಸ್ ಬಂತು. ‘ತುಂಬಾ ಕಷ್ಟಪಡುತ್ತಾನೆ’ ಎನ್ನುವುದಕ್ಕಿಂತ ಇದಕ್ಕೆ ತೂಕ ಜಾಸ್ತಿ.

ಮನೆಯಲ್ಲಿ ಕನ್ನಡ ಆಡುವುದರಿಂದಲೇ ಅವನು ಹಿಂದೆ ಬಿದ್ದ ಎಂದು ಯಾರೇ ಹೇಳಲಿ, ನಂಬಬೇಡಿ. ಅವನ ಜೊತೆ ಕನ್ನಡದಲ್ಲೇ ಮಾತಾಡಿ.