ಬಿದ್ದದ್ದು ಸಣ್ಣದು, ಮುರಿದದ್ದು ಎಲುಬು



1993ರ ಸೆಪ್ಟೆಂಬರ್ 30ರ ನಸುಕನ್ನು ಸಾಸ್ತೂರದವರು ಮರೆಯುವುದಿಲ್ಲ. ಭೂಕಂಪದಲ್ಲಿ ಕಲ್ಲುಮಣ್ಣಿನ ಗೋಡೆಗಳು ಬಿದ್ದವು. ಎಷ್ಟೋ ಮಂದಿ ಸತ್ತರು. ಎಷ್ಟೋ ಮಂದಿಯ ಕೈಕಾಲು ಮುರಿದವು. ಅಂಥ ಭಾರ ಬಿದ್ದರೆ ಗಟ್ಟಿ ಎಲುಬೂ ಮುರಿಯುತ್ತದೆ. ಆದರೆ ಹೊಸ್ತಿಲು ಎಡವಿ ಬಿದ್ದಷ್ಟಕ್ಕೇ ಮುಂಗೈ ಮುರಿದರೆ? ಆಗ ಎಲುಬು ಮೊದಲೇ ಸವೆದಿರಬಹುದು.

ಎಲುಬು ಕಲ್ಲಿನ ಹಾಗೆ ಸತ್ತ ವಸ್ತು ಅಲ್ಲ. ಅದು ದಿನಾ ಸ್ವಲ್ಪ ಕರಗುತ್ತದೆ, ಸ್ವಲ್ಪ ಕಟ್ಟುತ್ತದೆ. ಮುಟ್ಟು ನಿಂತ ಮೇಲೆ ಕರಗುವುದು ಹೆಚ್ಚು, ಕಟ್ಟುವುದು ಕಡಿಮೆ. ನೋವು ಇರುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆಸಿದವರಿಗೆ ಇದು ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ. ನಮ್ಮ ಮರಾಠವಾಡಾದಲ್ಲಿ ಇದು ಸಣ್ಣ ಮಾತಲ್ಲ. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ 13 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಗರ್ಭಚೀಲ ತೆಗೆಸಿದ್ದು 2019ರ ಸರ್ಕಾರಿ ಸಮಿತಿಯ ತಪಾಸಣೆಯಲ್ಲಿ ಹೊರಬಂತು.

ಇದರ ಮೇಲೆ ಸಕ್ಕರೆ ಬ್ಯಾನಿ ಬಂದರೆ ಎಲುಬು ಪೆಡಸಾಗುತ್ತದೆ. ಡೆಕ್ಸಾ ಎಂಬ ಎಲುಬಿನ ತಪಾಸಣೆಯಲ್ಲಿ ಚಲೋ ಕಂಡರೂ ಮುರಿಯಬಹುದು. ಪಾದ ಜೋಮು ಹಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಸಕ್ಕರೆ ಇಳಿದರೆ ಚಕ್ಕರ ಬರುತ್ತದೆ. ಬೀಳುವುದೂ ಹೆಚ್ಚು.

ಹೃದಯದ ಶಕ್ತಿ ಕುಂದಿದವರಿಗೆ ಏದುಸಿರು, ಕಾಲು ಬಾವು. ನಡೆಯಲು ಆಗುವುದಿಲ್ಲ, ಬಿಸಿಲಿಗೆ ಬರುವುದಿಲ್ಲ. ನಡೆಯದವರ ಎಲುಬು ಸೊರಗುತ್ತದೆ. ಬಾವು ಇಳಿಸುವ ನೀರಿನ ಗುಳಿಗೆ ಫ್ಯೂರೋಸೆಮೈಡ್ ಮೂತ್ರದ ಜೊತೆ ಕ್ಯಾಲ್ಸಿಯಂ ಕೂಡ ಒಯ್ಯುತ್ತದೆ. ಹಾಂಗಂತ ಗುಳಿಗೆ ಬಿಡಬೇಡಿ. ಬಿಟ್ಟರೆ ಎದೆಯಲ್ಲಿ ನೀರು ತುಂಬುತ್ತದೆ. ರಾತ್ರಿ ಕತ್ತಲಲ್ಲಿ ಮೂತ್ರಕ್ಕೆ ಎದ್ದು ಬೀಳಬಾರದಲ್ಲ? ಗುಳಿಗೆ ಯಾವ ಹೊತ್ತಿಗೆ ತಗೋಬೇಕು ಎಂದು ಡಾಕ್ಟರನ್ನು ಕೇಳಿ.

ಇನ್ನೊಂದು ಹೆಸರು ನೆನಪಿಡಿ: ಪಯೋಗ್ಲಿಟಾಜೋನ್. ಇದು ಸಕ್ಕರೆಯ ಗುಳಿಗೆ. ಹೆಂಗಸರಲ್ಲಿ ಎಲುಬು ಮುರಿಯುವ ಭಯ ಹೆಚ್ಚಿಸುತ್ತದೆ. ಹೃದಯ ಸೋತವರಿಗಂತೂ ಇದು ಸಲ್ಲದು. ಎರಡು ಮೂರು ಔಷಧ ಕೂಡಿಸಿದ ಗುಳಿಗೆಯಲ್ಲಿ ಇದೂ ಸೇರಿರಬಹುದು, ಹೊರಗೆ ಗೊತ್ತಾಗುವುದಿಲ್ಲ. ಸಕ್ಕರೆಗೆ ಒಬ್ಬ ಡಾಕ್ಟರು, ಎದೆಗೆ ಇನ್ನೊಬ್ಬರು ಆದಾಗ ಎಲುಬನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಎಲ್ಲ ಗುಳಿಗೆಗಳನ್ನು ಒಂದೇ ಚೀಲದಲ್ಲಿ ಒಯ್ದು ತೋರಿಸಿ. ಹೆಸರು ಇರುವ ತುದಿಯನ್ನು ಹರಿಯಬೇಡಿ.

ಊಟದಲ್ಲಿ ಮಜ್ಜಿಗೆ, ಎಳ್ಳಿನ ಹಿಂಡಿ, ನುಗ್ಗೆಸೊಪ್ಪು ಇರಲಿ. ಮಜ್ಜಿಗೆಗೆ ಉಪ್ಪು ಬೇಡ, ಹಿಂಡಿಗೆ ಕಡಿಮೆ ಇರಲಿ. ನೀರು ಇಷ್ಟೇ ಕುಡಿಯಿರಿ ಎಂದು ಡಾಕ್ಟರು ಹೇಳಿದ್ದರೆ ಮಜ್ಜಿಗೆಯನ್ನೂ ಆ ಲೆಕ್ಕಕ್ಕೆ ಹಿಡಿಯಿರಿ. ಕ್ಯಾಲ್ಸಿಯಂ ಗುಳಿಗೆ ಕೇಳದೆ ನುಂಗಬೇಡಿ.

ಮುರಿದ ಕೈಗೆ ಪ್ಲಾಸ್ಟರ್ ಹಾಕಿದರೆ ಕೆಲಸ ಮುಗಿಯಲಿಲ್ಲ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವುದು ಹೆಚ್ಚು. ಸವೆತಕ್ಕೆ ಬೇರೆ ಔಷಧ ಇದೆ, ಕೇಳಿ ಪಡೆಯಬೇಕು.

ಬಿಟ್ಟ ಜಾಗ ತುಂಬಿರಿ. ದವಾಖಾನೆಗೆ ಹೋಗುವಾಗ ಈ ಹಾಳೆ ಒಯ್ಯಿರಿ.

ನನ್ನ ವಯಸ್ಸು ........
ಮುಟ್ಟು ನಿಂತು ........ ವರ್ಷ ಆಯಿತು.
ನನಗೆ ಇರುವ ಬ್ಯಾನಿಗಳು ........
ಕಳೆದ ವರ್ಷ ನಾನು ........ ಸಲ ಬಿದ್ದೆ.
ಮುರಿದ ಎಲುಬು ........