ಬರ್ಲಿನ್ನಿನ ಉಂಡೆ

ನಮ್ಮ ಕಡೆ ನಾಯಿಯನ್ನು ಯಾರೂ ಸಾಕುತ್ತಿರಲಿಲ್ಲ. ನಾಯಿ ಇರುತ್ತಿತ್ತು, ಅಷ್ಟೆ. ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ದಾರಿಯ ಪಕ್ಕದ ತೋಟದ ಮನೆ ನಮ್ಮದು. ಅಲ್ಲಿ ಕರಿಯ ಅಂತ ಒಂದಿತ್ತು. ಯಾರು ತಂದರು, ಯಾವಾಗ ಬಂತು, ಯಾರಿಗೂ ನೆನಪಿರಲಿಲ್ಲ. ರಾತ್ರಿ ಉಳಿದ ಮುದ್ದೆಗೆ ಒಂದಿಷ್ಟು ಮಜ್ಜಿಗೆ ಸುರಿದು ಅವ್ವ ಕಲ್ಲುಬಾನಿಗೆ ಹಾಕಿದರೆ ಅದರ ಊಟ ಮುಗಿಯಿತು. ಹಗಲೆಲ್ಲ ಮಟ್ಟೆ ರಾಶಿಯ ನೆರಳಲ್ಲಿ ನಿದ್ದೆ, ರಾತ್ರಿ ಕೊಬ್ಬರಿ ಮನೆಯ ಕಾವಲು. ಹಗ್ಗ, ಸರಪಳಿ, ಡಾಕ್ಟರು ಏನೂ ಇಲ್ಲ. ಒಂದು ಬೆಳಿಗ್ಗೆ ಬಾನಿಯಲ್ಲಿ ಮುದ್ದೆ ಹಾಗೇ ಇತ್ತು. ಬದುವಿನ ಮೇಲೆ ಚಿರತೆ ಹೆಜ್ಜೆ. "ಹೋಯ್ತು ಬಿಡು" ಅಂದರು ಅಪ್ಪ. ಎರಡು ತಿಂಗಳಿಗೆ ಇನ್ನೊಂದು ಬಂತು.

ನನಗೆ ನಾಯಿ ಕಂಡರೆ ಭಯವೂ ಇತ್ತು. ಮೂರನೇ ಕ್ಲಾಸಿನಲ್ಲಿದ್ದಾಗ ಬೀದಿ ನಾಯಿ ಕಚ್ಚಿ, ಹೊಕ್ಕಳಿನ ಸುತ್ತ 14 ಇಂಜೆಕ್ಷನ್ ಹಾಕಿಸಿಕೊಂಡವನು ನಾನು. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯನ್ನು ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಿದರು. ಆ ಉರಿ ಮಾತ್ರ ನನಗೆ ಇನ್ನೂ ನೆನಪಿದೆ.

ಇಂಥವನು ಬರ್ಲಿನ್ನಿನಲ್ಲಿ ನಾಯಿ ಸಾಕಿದ್ದು ಮಗಳ ಕಾಟಕ್ಕೆ. ಅಲ್ಲಿಗೆ ಹೋದದ್ದು 2015ರಲ್ಲಿ. ಡಿಸೆಂಬರಿನಲ್ಲಿ ಬೆಳಗಾಗುವುದು ಎಂಟರ ಮೇಲೆ. ಸಂಜೆ ನಾಲ್ಕಕ್ಕೆಲ್ಲ ಕತ್ತಲು. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅಕ್ಕಪಕ್ಕದವರು ಮೆಟ್ಟಿಲ ಮೇಲೆ ಎದುರಾದರೆ "ಹಲ್ಲೋ" ಅನ್ನುತ್ತಿದ್ದರು. ಮೂರು ವರ್ಷ ಆ ಒಂದೇ ಮಾತು. ಒಂಟಿ ಮಗಳು ಕಿಟಕಿಗೆ ಮೂಗು ಒತ್ತಿ, ಕೆಳಗೆ ಹೋಗುವ ನಾಯಿಗಳನ್ನು ಎಣಿಸುತ್ತ ಕೂರುತ್ತಿದ್ದಳು. 2018ರಲ್ಲಿ ನಾವು ಸೋತೆವು.

ಮೊದಲ ಬಾಗಿಲು ಮನೆ ಮಾಲೀಕರದು. ನಾಯಿ, ಬೆಕ್ಕು ಬೇಡವೇ ಬೇಡ ಎಂದು ಬಾಡಿಗೆ ಕರಾರಿನಲ್ಲಿ ಸಾರಾಸಗಟಾಗಿ ಬರೆದರೆ ನಿಲ್ಲುವುದಿಲ್ಲ ಎಂದು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2013ರಲ್ಲೇ ಹೇಳಿದೆ. ಹಾಗಂತ ಕೇಳದೆ ತರುವಂತಿಲ್ಲ; ಒಪ್ಪಿಗೆಯನ್ನು ಕಾಗದದ ಮೇಲೆ ಪಡೆದೆವು. ಆಮೇಲೆ ಊರಂಚಿನ ಫಾಲ್ಕನ್‌ಬೆರ್ಗಿನ ಪ್ರಾಣಿ ಆಶ್ರಯಕ್ಕೆ ಹೋದೆವು. ಯುರೋಪಿನ ಅತಿ ದೊಡ್ಡ ಆಶ್ರಯಗಳಲ್ಲಿ ಅದೂ ಒಂದು. ಹೆಣ್ಣು ಕೊಡುವವರು ಕೂಡ ನಮ್ಮನ್ನು ಅಷ್ಟು ಕೇಳಿರಲಿಲ್ಲ: ದಿನಕ್ಕೆ ಎಷ್ಟು ಗಂಟೆ ಒಂಟಿ ಬಿಡುತ್ತೀರಿ, ಮನೆ ಎಷ್ಟನೇ ಮಹಡಿ, ಮುಂಚೆ ಸಾಕಿದ್ದಿರಾ? ಕೊನೆಯ ಪ್ರಶ್ನೆ, ನೀವು ಊರಿಗೆ ಹೋದಾಗ ನಾಯಿಯನ್ನು ನೋಡಿಕೊಳ್ಳುವವರು ಯಾರು? ಒಬ್ಬ ಸ್ನೇಹಿತನ ಹೆಸರು ಹೇಳಿದೆ. ಅವನನ್ನು ಆವರೆಗೆ ಒಂದು ಮಾತೂ ಕೇಳಿರಲಿಲ್ಲ. ಆ ಸುಳ್ಳಿಗೆ ಐದು ವರ್ಷದ ಮೇಲೆ ಬಡ್ಡಿ ಕಟ್ಟಿದೆ.

ಸಿಕ್ಕಿದ್ದು ರೊಮೇನಿಯಾದ ಬೀದಿಯಿಂದ ಬಂದ ಎರಡು ವರ್ಷದ ಕಂದು ಬಣ್ಣದ ಗಂಡು ನಾಯಿ. ಅಂದರೆ ಅದೂ ನಮ್ಮ ಹಾಗೆ ವಲಸೆ ಬಂದದ್ದೇ. ಮುದುರಿ ಮಲಗಿದರೆ ಥೇಟು ಉಂಡೆ ಕೊಬ್ಬರಿ. ಉಂಡೆ ಅಂತಲೇ ಹೆಸರಿಟ್ಟೆವು. ಜರ್ಮನ್ ಭಾಷೆಯಲ್ಲಿ ನಾಯಿಗಳಿಗೆ "ಹುಂಡೆ" ಅನ್ನುತ್ತಾರೆ ಎಂಬುದು ಆಗ ಹೊಳೆಯಲೇ ಇಲ್ಲ. ನಮ್ಮ ಕಡೆಯವರು ಹಕಾರ ನುಂಗುವುದು ಬೇರೆ ಹೊಸದಲ್ಲವಲ್ಲ! ಪಾರ್ಕಿನಲ್ಲಿ "ಉಂಡೇ" ಎಂದು ಕೂಗಿದಾಗಲೆಲ್ಲ ಜನ ತಿರುಗಿ ನೋಡುತ್ತಿದ್ದರು, ಈ ಮನುಷ್ಯ ಒಂದು ನಾಯಿಗೆ "ನಾಯಿಗಳೇ" ಅಂತ ಯಾಕೆ ಕರೆಯುತ್ತಾನೆ ಎಂದು.

ಆಮೇಲೆ ಕಾಗದಗಳು. ಮೈಕ್ರೋಚಿಪ್ ಕಡ್ಡಾಯ. ನಾಯಿ ಯಾರಿಗಾದರೂ ಹಾನಿ ಮಾಡಿದರೆ ಕಟ್ಟಿಕೊಡಲು ಕನಿಷ್ಠ 10 ಲಕ್ಷ ಯೂರೊ ಮೊತ್ತದ ವಿಮೆಯೂ ಬರ್ಲಿನ್ನಿನಲ್ಲಿ ಕಡ್ಡಾಯ. ಮೇಲೆ ವರ್ಷಕ್ಕೆ 120 ಯೂರೊ ತೆರಿಗೆ. ಎರಡನೇ ನಾಯಿ ಇದ್ದರೆ ಅದಕ್ಕೆ 180. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ನಾಯಿಗೂ ಕಂದಾಯನೇನಪ್ಪಾ? ಪಹಣಿನೂ ಕೊಡ್ತಾರಾ?" ಕೊಡುತ್ತಾರೆ, ಒಂದು ಥರ. ತೆರಿಗೆ ಕಟ್ಟಿದ ಗುರುತಿಗೆ ಕೊರಳಿಗೆ ಬಿಲ್ಲೆ. ಮೆಟ್ರೋ ಹತ್ತುವಾಗ ಬಾಯಿಗೆ ಕುಕ್ಕೆ. ಕಣ ತುಳಿಯುವ ಎತ್ತಿಗೆ ಹಾಕುತ್ತಿದ್ದುದನ್ನು ನಾಯಿಗೆ ಕಟ್ಟಿದಾಗ ನನಗೇ ನಗು ಬಂತು.

ಲಾಭ ಮೊದಲು ಹೇಳುತ್ತೇನೆ. ಉಂಡೆ ಬಂದ ನಾಲ್ಕನೇ ದಿನ ಮೂರನೇ ಮಹಡಿಯ ಅಜ್ಜಿ ಮೆಟ್ಟಿಲ ಮೇಲೆ ನಿಂತು "ವಯಸ್ಸೆಷ್ಟು?" ಎಂದು ಕೇಳಿದರು. ನಾನು ನನ್ನ ವಯಸ್ಸು ಹೇಳಿದೆ. ಅವರು ಕೇಳಿದ್ದು ನಾಯಿಯದು. ಮೂರು ವರ್ಷ ಬರೀ ಹಲ್ಲೋ ಅಂದಿದ್ದವರು ಅವತ್ತು ಹತ್ತು ನಿಮಿಷ ಮಾತಾಡಿದರು. ಅಲ್ಲಿಂದ ನನ್ನ ಜರ್ಮನ್ ಸುಧಾರಿಸಿದ್ದು ತರಗತಿಯಲ್ಲಲ್ಲ, ನಾಯಿ ಹಿಡಿದು ನಿಂತ ಕಟ್ಟೆಯಲ್ಲಿ. ಭಾನುವಾರ ಗ್ರುನೆವಾಲ್ಡ್ ಕಾಡಿಗೆ ಹೋಗುತ್ತಿದ್ದೆವು. ಅಲ್ಲಿನ ಕೆರೆಯ ಸುತ್ತ ನಾಯಿಯನ್ನು ಹಗ್ಗ ಬಿಚ್ಚಿ ಬಿಡಬಹುದು. ಅಲ್ಲಿ ಡಾಕ್ಟರು, ಬಸ್ ಡ್ರೈವರು, ನಿವೃತ್ತ ಮೇಷ್ಟ್ರು ಎಲ್ಲರ ಪರಿಚಯವಾಯಿತು. ಯಾರ ಹೆಸರೂ ಗೊತ್ತಿಲ್ಲ, ಅವರವರ ನಾಯಿಯ ಹೆಸರು ಗೊತ್ತು. ನಮ್ಮೂರ ಅರಳಿಕಟ್ಟೆಯ ಕೆಲಸವನ್ನು ಆ ಊರಿನಲ್ಲಿ ನಾಯಿ ಮಾಡುತ್ತದೆ.

ಮಗಳ ಮಾತು ಬೇರೆಯೇ. ಶಾಲೆಯಲ್ಲಿ ಜರ್ಮನ್, ನಮ್ಮ ಹತ್ತಿರ ಇಂಗ್ಲಿಷ್ ಬೆರೆತ ಕನ್ನಡ ಆಡುತ್ತಿದ್ದವಳು ಉಂಡೆಯ ಜೊತೆ ಮಾತ್ರ ಅಪ್ಪಟ ಕನ್ನಡ ಆಡುತ್ತಿದ್ದಳು. ಅದಕ್ಕೆ ನಾವು ಕಲಿಸಿದ್ದ ಆಜ್ಞೆಗಳೆಲ್ಲ ಕನ್ನಡದಲ್ಲಿದ್ದವು: ಕೂರು, ಬಾ, ಬಿಡು, ಸುಮ್ನಿರು. ಕನ್ನಡ ಅವಳಿಗೆ ಅಜ್ಜಿ ತಾತನ ಭಾಷೆಯಷ್ಟೇ ಆಗಿ ಉಳಿಯದೆ ದಿನಬಳಕೆಯ ಭಾಷೆಯಾಯಿತು. ಭಯದಿಂದ ನಾನು ಬಿಡುಗಡೆಯಾದದ್ದೂ ಅಲ್ಲೇ. ಕಾಡಿನ ನರಿಗಳಿಗೆ ಲಸಿಕೆ ತುಂಬಿದ ತುತ್ತನ್ನು ವಿಮಾನದಿಂದ ಉದುರಿಸಿ ಉದುರಿಸಿಯೇ ಜರ್ಮನಿ 2008ರ ಹೊತ್ತಿಗೆ ನೆಲದ ಪ್ರಾಣಿಗಳ ರೇಬಿಸ್‌ನಿಂದ ಮುಕ್ತವಾಯಿತು. ಅಲ್ಲಿ ನಾಯಿ ಬೊಗಳಿದರೆ ಅದು ಬೊಗಳುವಿಕೆ ಮಾತ್ರ. ಹೊಕ್ಕಳಿನವರೆಗೆ ಹೋಗುವುದಿಲ್ಲ.

ಇನ್ನು ನಷ್ಟ. ಮೊದಲನೆಯದು ಹೊತ್ತು. ಕರಿಯನಿಗೆ ನಮ್ಮ ಹೊತ್ತು ಬೇಕಿರಲಿಲ್ಲ, ಅದಕ್ಕೆ ಆರು ಎಕರೆ ತೋಟವಿತ್ತು. ಉಂಡೆಗೆ ಇದ್ದದ್ದು ಎರಡು ಕೋಣೆ ಮತ್ತು ನಾವು. ಹಿಮ ಬೀಳಲಿ, ಜ್ವರ ಬರಲಿ, ದಿನಕ್ಕೆ ಮೂರು ಸಲ ಕೆಳಗೆ ಇಳಿಯಬೇಕು, ಚೀಲ ಹಿಡಿದು ಅದರ ಹೊಲಸು ಬಾಚಬೇಕು. ನಾಯಿಗೆ ಬಯಲಿನಲ್ಲಿ ಸಾಕಷ್ಟು ಓಡಾಟ ಇರಬೇಕು, ನೋಡಿಕೊಳ್ಳುವವರು ದಿನಕ್ಕೆ ಹಲವು ಸಲ ಅದರ ಜೊತೆ ಇರಬೇಕು ಎಂದು 2022ರಲ್ಲಿ ಜಾರಿಗೆ ಬಂದ ನಿಯಮವೇ ಹೇಳುತ್ತದೆ. ಇಬ್ಬರೂ ಆಫೀಸಿಗೆ ಹೋಗುವ ಮನೆಯಲ್ಲಿ ಇದು ದಿನಾ ಬೆಳಗಿನ ಜಗಳ.

ಎರಡನೆಯದು ಡಾಕ್ಟರ ಬಿಲ್ಲು. ಅವ್ವ ಕೊಟ್ಟು ಕಳಿಸಿದ್ದ ತೆಂಗಿನಕಾಯಿಯನ್ನು ಒಂದು ಭಾನುವಾರ ರಾತ್ರಿ ಒಡೆದೆ. ಸಿಡಿದ ಚಿಪ್ಪಿನ ಚೂರನ್ನು ಉಂಡೆ ನುಂಗಿತು. ರಾತ್ರಿ, ರಜಾದಿನದ ತುರ್ತು ಸೇವೆಗೆ 50 ಯೂರೊ ಪ್ರತ್ಯೇಕ. ಜೊತೆಗೆ ಮಾಮೂಲಿ ಶುಲ್ಕದ ಎರಡರಿಂದ ನಾಲ್ಕು ಪಟ್ಟು. ಅಲ್ಲಿನ ಕಾನೂನೇ ಹಾಗೆ. ನಳಿಕೆ ಇಳಿಸಿ ಚೂರು ತೆಗೆಸಿ ಹೊರಬರುವಾಗ ಸಾವಿರ ಯೂರೊಗೆ ಹತ್ತಿರ ಕೊಟ್ಟಿದ್ದೆ. ಅವತ್ತಿನ ಧಾರಣೆಯಲ್ಲಿ ಅದು ಐದಾರು ಕ್ವಿಂಟಲ್ ಉಂಡೆ ಕೊಬ್ಬರಿಯ ದುಡ್ಡು ಎಂದು ಅಪ್ಪನಿಗೆ ಹೇಳಲಿಲ್ಲ. ಕಡ್ಡಾಯ ವಿಮೆ ಬೇರೆಯವರಿಗಾದ ಹಾನಿಗೆ ಮಾತ್ರ, ನಾಯಿಯ ಚಿಕಿತ್ಸೆಗೆ ಬೇರೆ ವಿಮೆ ಮಾಡಿಸಬೇಕು ಎಂಬುದು ಅವತ್ತು ಗೊತ್ತಾಯಿತು. ಹೊಸ ವರ್ಷದ ರಾತ್ರಿಯಂತೂ ಇಡೀ ಬರ್ಲಿನ್ ಪಟಾಕಿ ಹೊಡೆಯುತ್ತದೆ. ಉಂಡೆ ಬಚ್ಚಲಿನಲ್ಲಿ ನಡುಗುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಬೆಳಗು ಮಾಡಿದ್ದೇನೆ, ಆರು ವರ್ಷ.

ಮೂರನೆಯದೇ ದೊಡ್ಡದು. ರಜೆಗೆ ಊರಿಗೆ ಬರುವಾಗ ನಾಯಿಯನ್ನು ಕರೆತರುವಂತಿಲ್ಲ. ಎರಡು ವರ್ಷ ಹೊರಗಿದ್ದು ಶಾಶ್ವತವಾಗಿ ವಾಪಸಾಗುವವರು ಮಾತ್ರ ಎರಡು ಸಾಕುಪ್ರಾಣಿಗಳನ್ನು ಸಾಮಾನಿನ ಲೆಕ್ಕದಲ್ಲಿ ತರಬಹುದು. ಉಳಿದವರಿಗೆ ಆಮದು ಪರವಾನಗಿ ಬೇಕು. ಹೇಗೋ ತಂದರೂ ಮರಳುವ ದಾರಿ ಕಷ್ಟ. ರೇಬಿಸ್ ವಿಷಯದಲ್ಲಿ ಯುರೋಪ್ ಒಕ್ಕೂಟದ ನಂಬಿಕೆಯ ಪಟ್ಟಿಯಲ್ಲಿ ಭಾರತವಿಲ್ಲ. ಲಸಿಕೆ ಹಾಕಿಸಿ 30 ದಿನವಾದ ಮೇಲೆ ರಕ್ತ ಪರೀಕ್ಷೆ, ಅಲ್ಲಿಂದ ಮೂರು ತಿಂಗಳ ಕಾಯುವಿಕೆ. ಈ ಪರೀಕ್ಷೆಯನ್ನು ಯುರೋಪ್ ಬಿಡುವ ಮುಂಚೆಯೇ ಮಾಡಿಸಿ ನಾಯಿಯ ಪಾಸ್‌ಪೋರ್ಟಿನಲ್ಲಿ ಬರೆಸಿದ್ದರೆ ಕಾಯುವ ಕೆಲಸವಿಲ್ಲ. ಇತ್ತ ತೆಂಗಿನಕಾಯಿಯನ್ನು ಯಾವ ಸರ್ಟಿಫಿಕೇಟೂ ಇಲ್ಲದೆ ಯುರೋಪಿಗೆ ಒಯ್ಯಬಹುದು. ಗಡಿ ದಾಟಲು ತೆಂಗಿನಕಾಯಿಗೆ ಇರುವ ಸಲೀಸು ನಾಯಿಗಿಲ್ಲ.

2023ರ ಜನವರಿಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಅಟ್ಟದಿಂದ ಕಾಯಿ ಇಳಿಸುವಾಗ ಏಣಿ ಜಾರಿ ಅಪ್ಪ ಬಿದ್ದಿದ್ದರು; ಸೊಂಟದ ಮೂಳೆ ಮುರಿದಿತ್ತು. ಹೆಂಡತಿ ಮಗಳು ಮೈಸೂರಿನ ತವರಿಗೆ ಮೊದಲೇ ಹೋಗಿದ್ದರು. ಆಶ್ರಯದವರಿಗೆ ನಾನು ಹೆಸರು ಕೊಟ್ಟಿದ್ದ ಸ್ನೇಹಿತ ಎಷ್ಟೋ ಹಿಂದೆ ಬೇರೆ ದೇಶಕ್ಕೆ ಕೆಲಸ ಬದಲಿಸಿದ್ದ. ಬೆಳಿಗ್ಗೆಯಿಂದ ನಾಯಿಗಳ ತಂಗುಮನೆಗಳಿಗೆಲ್ಲ ಫೋನ್ ಮಾಡಿದೆ. ಒಂದು ಕಡೆ ಜಾಗವಿಲ್ಲ. ಇನ್ನೊಂದು ಕಡೆ ಮೊದಲು ಒಂದು ರಾತ್ರಿ ಇಟ್ಟು ನೋಡಬೇಕು, ಕೆಮ್ಮಿನ ಲಸಿಕೆಯ ದಾಖಲೆ ಬೇಕು. ಮಧ್ಯಾಹ್ನದ ವಿಮಾನ ತಪ್ಪಿತು. ಅಪ್ಪ ಆಪರೇಷನ್ ಕೋಣೆಗೆ ಹೋಗುವಾಗ ನಾನು ಬರ್ಲಿನ್ನಿನಲ್ಲಿ ನಾಯಿಯ ಹಗ್ಗ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ.

ಮೂರನೇ ಮಹಡಿಯ ಅಜ್ಜಿ ಕೆಳಗಿಳಿದು ಬಂದರು. ಏನೆಂದು ಕೇಳಿದರು. ನನ್ನ ಹರಕು ಜರ್ಮನ್‌ನಲ್ಲಿ ಹೇಳಿದೆ. ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು "ನಿಮ್ಮ ತಂದೆ ಹತ್ತಿರ ಹೋಗಿ" ಅಂದರು. ನನ್ನನ್ನು ಕಟ್ಟಿಹಾಕಿದ್ದ ನಾಯಿಯೇ ಬಿಡಿಸುವವರನ್ನೂ ಸಂಪಾದಿಸಿ ಕೊಟ್ಟಿತ್ತು. ಆದರೂ ಒಂದು ದಿನ ಹೋಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಅಪ್ಪ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ನಾಯೀನ ಯಾರ್ ಹತ್ರ ಬಿಟ್ ಬಂದೆ?"

2024ರಲ್ಲಿ ಊರಿಗೇ ಬಂದುಬಿಟ್ಟೆವು. ವಾಪಸು ಹೋಗಬೇಕಾದರೆ ಇರಲಿ ಎಂದು ರಕ್ತ ಪರೀಕ್ಷೆಯನ್ನು ಅಲ್ಲೇ ಮಾಡಿಸಿದೆ. ಎದ್ದು ನಿಂತು ತಿರುಗುವಷ್ಟು ಅಗಲದ ಪೆಟ್ಟಿಗೆ ತಂದು, ಎರಡು ತಿಂಗಳು ಅದರೊಳಗೇ ಊಟ ಹಾಕಿ ಅಭ್ಯಾಸ ಮಾಡಿಸಿದೆವು. ಪ್ರಾಣಿ ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ ಮೊದಲೇ ಕೈಯಲ್ಲಿತ್ತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮೈಕ್ರೋಚಿಪ್, ಚೀಟಿ ನೋಡಿ ಅವತ್ತೇ ಬಿಟ್ಟರು. ತೋಟದಲ್ಲಿ ಬೇರೆ ಪಾಠ ಶುರುವಾಯಿತು. ಮೊದಲ ತಿಂಗಳಲ್ಲೇ ಮೈತುಂಬ ಉಣ್ಣೆ ಹುಳ, ಅದರಿಂದ ಜ್ವರ. ಚಿರತೆ ಈಗಲೂ ಬರುತ್ತದೆ. ಸಂಜೆ ಆರಕ್ಕೆ ಉಂಡೆ ಮನೆಯೊಳಗೆ. ರೇಬಿಸ್ ಲಸಿಕೆ ತಪ್ಪಿಸುವ ಮಾತೇ ಇಲ್ಲ. ಮುದ್ದೆ ಮಜ್ಜಿಗೆ ಮಾತ್ರ ಮೊದಲ ದಿನವೇ ಒಗ್ಗಿತು. ಸೊಂಟ ಮುರಿದುಕೊಂಡಿದ್ದ ಅಪ್ಪನಿಗೆ ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಾವು ಹೇಳಿದರೆ ಏಳದವರು ಉಂಡೆ ಬಾಗಿಲಲ್ಲಿ ನಿಂತರೆ ಕೋಲು ಹಿಡಿದು ಏಳುತ್ತಾರೆ. ನಾಯಿಗೆ ಹಗ್ಗ ಕಟ್ಟಿ ತಿರುಗಿಸುವುದನ್ನು ನೋಡಿ ದಾರಿಯವರು ನಗುತ್ತಾರೆ. "ಕಂದಾಯ ಕಟ್ಟಿದ ನಾಯಿ ಕಣಯ್ಯ" ಅನ್ನುತ್ತಾರೆ ಅಪ್ಪ.

ನಾಯಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಹೇಳುವುದು 949ರ ಆತಕೂರು ಶಾಸನದ ಮಾತು. ಗಂಗರ ದೊರೆ ಬೂತುಗ ಏನು ಬೇಕೋ ಕೇಳು ಅಂದಾಗ ಅವನ ಬಂಟ ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಹಂದಿಯ ಮೇಲೆ ಬಿದ್ದು ಕಾಳಿ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿ ಜಮೀನು ಬಿಟ್ಟರು. ಅಷ್ಟಕ್ಕೇ ಸುಮ್ಮನಾಗಲಿಲ್ಲ, ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಣ್ಣಬಾರದು ಎಂದೂ ಬರೆಸಿದರು. ಸತ್ತ ನಾಯಿಗೂ ನೋಡಿಕೊಳ್ಳುವವರು ಯಾರು ಎಂಬುದನ್ನು ಅವರು ಮೊದಲೇ ಗೊತ್ತು ಮಾಡಿದ್ದರು. ನಾನು ಬದುಕಿರುವ ನಾಯಿಗೆ ಮಾಡಿರಲಿಲ್ಲ.

ಪರದೇಶದಲ್ಲಿದ್ದು ನಾಯಿ ತರಬೇಕೆಂದಿರುವವರಿಗೆ ಇಷ್ಟೇ ಹೇಳುತ್ತೇನೆ. ತೆರಿಗೆ, ವಿಮೆ, ಲಸಿಕೆ ಎಲ್ಲ ದುಡ್ಡಿನಲ್ಲಿ ಮುಗಿಯುತ್ತವೆ. ರಾತ್ರಿ ಎರಡು ಗಂಟೆಗೆ ಊರಿನಿಂದ ಫೋನ್ ಬಂದರೆ ಹಗ್ಗವನ್ನು ಯಾರ ಕೈಗೆ ಕೊಡುತ್ತೀರಿ? ಅದೇ ಊರಿನಲ್ಲಿರುವ, ನಾಯಿಗೆ ಪರಿಚಯವಿರುವ, ನೀವು ಬಾಯಿಬಿಟ್ಟು ಕೇಳಿ ಹೂಂ ಅನ್ನಿಸಿಕೊಂಡಿರುವ ಒಬ್ಬರ ಹೆಸರನ್ನು ಕಾಗದದ ಮೇಲೆ ಬರೆಯಿರಿ. ಹೆಸರು ಸಿಕ್ಕರೆ ನಾಯಿ ತನ್ನಿ. ಸಿಗದಿದ್ದರೆ ಇನ್ನೊಂದು ವರ್ಷ ಕಿಟಕಿಯಿಂದಲೇ ಎಣಿಸಿ.