ತೊಗರಿ ರಾಶಿಯಲ್ಲಿ ಸೀನು, ರಾತ್ರಿ ದಮ್ಮು

ಜೇವರ್ಗಿಯ ಓದುಗರೇ, ನಿಮ್ಮ ಸೀನು, ದಮ್ಮಿಗೆ ತೊಗರಿ ಹೊಟ್ಟಿನ ಧೂಳಿಗಿಂತ ಬದುವಿನ ಕಾಂಗ್ರೆಸ್ ಕಸದ ಪರಾಗವೇ ಕಾರಣವಿರಬಹುದು. ಮೊದಲು ಚರ್ಮದ ಪರೀಕ್ಷೆಯಲ್ಲಿ ಖಚಿತವಾಗಲಿ. ಬರೀ ಧೂಳಿನ ಕೆರಳಿಕೆಗೆ ನೀವು ಕೇಳಿದ ಅಲರ್ಜಿ ಚುಚ್ಚುಮದ್ದಿನಿಂದ ಉಪಯೋಗವಿಲ್ಲ. ಅಲರ್ಜಿಯೆಂದರೆ ನಿರೋಧಕ ಶಕ್ತಿ ಕುಂದಿದೆ ಎಂದಲ್ಲ, ನಿರುಪದ್ರವಿ ಕಣವನ್ನು ಅದು ವೈರಿಯೆಂದು ಭಾವಿಸಿದೆ. ಚುಚ್ಚುಮದ್ದಿನಲ್ಲಿ ಅದೇ ಅಲರ್ಜಿಕಾರಕವನ್ನು ಅತ್ಯಲ್ಪ ಪ್ರಮಾಣದಿಂದ ಏರಿಸುತ್ತ ಕೊಟ್ಟರೆ, ನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳು ಹೆಚ್ಚುತ್ತವೆ; ಅವು ಐಎಲ್-10 ಎಂಬ ಸಂಕೇತ ಪ್ರೋಟೀನು ಸ್ರವಿಸಿ ಕೆರಳಿದ ಕೋಶಗಳನ್ನು ತಣಿಸುತ್ತವೆ, ಅಲರ್ಜಿ ಕೆರಳಿಸುವ ಐಜಿಇ ಪ್ರತಿಕಾಯಕ್ಕೆ ಅಡ್ಡಬರುವ ಐಜಿಜಿ4 ಪ್ರತಿಕಾಯ ಬೆಳೆಯುತ್ತದೆ. ಈ ನಿಯಂತ್ರಕ ಟಿ ಕೋಶಗಳ ಶೋಧಕ್ಕೇ 2025ರ ವೈದ್ಯಕೀಯ ನೊಬೆಲ್ ಸಂದಿತು. ಚಿಕಿತ್ಸೆ ಮಾತ್ರ 1911ರಷ್ಟು ಹಳೆಯದು! ಸಾಮಾನ್ಯವಾಗಿ ಮೂರು ವರ್ಷ ಬೇಕು; ನಾಲ್ಕಾರು ಸಲ ಬಂದು ಬಿಡುವುದಾದರೆ ಬೇಡವೆಂದೇ ಹೇಳುತ್ತೇನೆ. ಪ್ರತಿ ಡೋಸಿನ ನಂತರ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂತಿರಿ. ದಮ್ಮು ಹತೋಟಿಗೆ ಬರುವ ತನಕ ಆರಂಭಿಸಬೇಡಿ, ಇನ್‌ಹೇಲರ್ ನಿಲ್ಲಿಸಬೇಡಿ.